ನಗುವಿಗೆ ಕಾವು ಕೊಡುವ ಟೇಪಕ್ಕ

ಹಳೆಯ ನಾಟಕಗಳ ಟೇಪು ಉಳಿಸುವ ಟೇಪಕ್ಕನಿಗೆ ಆ ನಾಟಕಗಳ ನಾಲ್ಕು ಭಾಷೆಗಳಲ್ಲಿ ಮೂರು ಬರುವುದಿಲ್ಲ. ಕಲಿಯಲು ಪುರುಸೊತ್ತೂ ಸಿಕ್ಕಿಲ್ಲ.

ಬೆಳಕು ಹರಿಯುವ ಹೊತ್ತು. ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ವಿಭಾಗದ ನೆಲಮಾಳಿಗೆಯಲ್ಲಿ ಅವರು ಹಣ್ಣು ಒಣಗಿಸುವ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿರುವ ಟೇಪಿನ ಸುರುಳಿಯನ್ನು ಮುಟ್ಟಿ ನೋಡುತ್ತಾರೆ. ಹಳೆಯ ಟೇಪು ತೇವ ಹೀರಿ ಅಂಟಂಟಾಗುತ್ತದೆ. ಹಾಗೇ ಓಡಿಸಿದರೆ ಲೇಪ ಕಿತ್ತು ಬರುತ್ತದೆ, ಜೊತೆಗೆ ದನಿಯೂ. ಈ ಪೆಟ್ಟಿಗೆಯಲ್ಲಿ ಹದವಾಗಿ ಕಾಯಿಸಿದರೆ ತೇವ ಆರಿ ಒಂದು ಸಲವಾದರೂ ಓಡುತ್ತದೆ.

"ನನ್ನ ಸೊಸೆ ಮನೇಲಿ ಅನ್ನ ಸೀಯಿಸ್ತಾಳೆ, ಅಲ್ಲಿ ಮಾತ್ರ ನಾಟಕ ಹದವಾಗಿ ಬೇಯಿಸ್ತಾಳೆ ಅಂತಾರೆ ನಮ್ಮತ್ತೆ," ಎನ್ನುತ್ತಾರೆ ಟೇಪಕ್ಕ.

ಅಪ್ಪನ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಮುಚ್ಚಿದ ವರ್ಷ ಇಲ್ಲಿಗೆ ಸೇರಿದರು. ಕೆಲಸ ಇನ್ನೂ ಕಾಯಂ ಆಗಿಲ್ಲ. ದಿನಕ್ಕೆ ಒಂದು ಸುರುಳಿ, ಹೆಚ್ಚೆಂದರೆ ಎರಡು.

ಇವತ್ತಿನದು ಜಿಪುಣ ಮಾವನೊಬ್ಬನ ಪ್ರಹಸನ. ಅದೇ ಕಥೆ ನಾಲ್ಕು ಭಾಷೆಗಳಲ್ಲಿ ರಂಗಕ್ಕೆ ಬಂದಿದೆ. ಯಾವ ಭಾಷೆಯ ಜನ ಎಲ್ಲಿ ನಕ್ಕರು ಎಂದು ವಿಭಾಗದ ಸಂಶೋಧಕಿ ಹೋಲಿಸುತ್ತಿದ್ದಾಳೆ. ಮೂರು ಭಾಷೆಗಳ ನಗು ಬೇರೆ ಕಡೆಯ ಟೇಪುಗಳಲ್ಲಿ ಸಿಕ್ಕಿದೆ. ನಾಲ್ಕನೆಯದರ ಕಂಪ್ಯೂಟರ್ ಪ್ರತಿಯಲ್ಲಿ ನಟರು ಖಾಲಿ ಮನೆಯಲ್ಲಿ ಮಾತಾಡಿದಂತಿದೆ. ಕೆಮ್ಮು, ಕುರ್ಚಿಯ ಕಿರುಗುಟ್ಟು, ನಗು, ಎಲ್ಲವನ್ನೂ ಗದ್ದಲವೆಂದು ಅಳಿಸುವುದು ಈ ಕೋಣೆಯ ಪದ್ಧತಿಯಾಗಿತ್ತು. ಅಳಿಸಿದ್ದು ಟೇಪಕ್ಕನೇ.

"ಸ್ವಚ್ಛ ಮಾಡು ಅಂದ್ರು, ಮಾಡ್ದೆ. ಕಲ್ಲು ಆರಿಸೋಕೆ ಹೋಗಿ ಅಕ್ಕೀನೂ ಎಸೆದೆ. ಜನ ನಗೋದನ್ನೂ ಓದ್ತಾರೆ ಅಂತ ಯಾರಿಗ್ಗೊತ್ತಿತ್ತು!"

ಮೂಲ ಸುರುಳಿ ಇದೊಂದೇ. ಇದೂ ಕೈಕೊಟ್ಟರೆ ಸಂಶೋಧಕಿಯ ಹೋಲಿಕೆ ಮೂರು ಕಾಲಿನ ಮಂಚ.

ಸುರುಳಿ ತಣಿದ ಮೇಲೆ ಯಂತ್ರಕ್ಕೇರುತ್ತದೆ. ಸಂಶೋಧಕಿ ಉಗುರು ಕಚ್ಚುತ್ತಾ ಕೂತಿದ್ದಾಳೆ.

"ಅಕ್ಕಾ, ಒಂದು ನಗೂನೂ ಇಲ್ವಲ್ಲ."

"ಸುಮ್ನಿರೇ ತಾಯಿ. ಮಾವ ಇನ್ನೂ ಬೀಗದ ಕೈ ಹುಡುಕ್ತಿದ್ದಾನೆ."

ತಮಗೆ ಬರುವ ಒಂದು ಭಾಷೆಯಲ್ಲಿ ಟೇಪಕ್ಕ ಈ ಕಥೆ ಕೇಳಿದ್ದಾರೆ. ಬೀಗದ ಕೈ ಮಾವನ ಕೊರಳಲ್ಲೇ ನೇತಾಡುತ್ತಿರುತ್ತದೆ. ಉಳಿದ ಮೂರು ಭಾಷೆಗಳಲ್ಲಿ ಅದು ಕೈಗೆ ಸಿಕ್ಕಾಗ ಜನ ನಕ್ಕಿದ್ದಾರೆ. ಇಲ್ಲಿ ಅದಕ್ಕೂ ಮೊದಲೇ, ಎಲ್ಲ ಕಂಡೂ ಸೊಸೆ ತುಟಿ ಬಿಚ್ಚದೆ ನಿಂತಾಗ, ಮುಂದಿನ ಸಾಲಿನಲ್ಲೊಬ್ಬ ಹೆಂಗಸು ಕಿಸಕ್ಕೆನ್ನುತ್ತಾಳೆ. ಹಿಂದೆಯೇ ಇಡೀ ಸಭಾಂಗಣ.

ಟೇಪಕ್ಕನೂ ನಗುತ್ತಾರೆ.

"ಅರ್ಥ ಆಯ್ತಾ ಅಕ್ಕ?"

"ಒಂದು ಪದಾನೂ ಇಲ್ಲ. ನಾನೂ ಸೊಸೇನೇ ಅಲ್ವಾ?"

ಇನ್ನು ಮುಂದೆ ಕೆಮ್ಮನ್ನೂ ಅಳಿಸುವುದಿಲ್ಲವಂತೆ. ಹಿಂದೆ ಸ್ವಚ್ಛ ಮಾಡಿದ್ದನ್ನೆಲ್ಲ ಮತ್ತೆ ಕಾಯಿಸಿ ತೆಗೆಯಬೇಕೆಂಬ ಆಸೆಯಿದೆ, ಪೆಟ್ಟಿಗೆ ಬಾಳಿಕೆ ಬಂದರೆ.

ಸುರುಳಿಯ ತುದಿಯಲ್ಲಿ ಲೇಪ ಕಂದು ಪುಡಿಯಾಗಿ ಉದುರುತ್ತದೆ. ಅಲ್ಲಿದ್ದ ಮಾತುಗಳು ಕಂಪ್ಯೂಟರಿನ ಆ ಸ್ವಚ್ಛ ಪ್ರತಿಯಲ್ಲಿ ಹೇಗೂ ಇವೆ. ನಗು ಅಷ್ಟೂ ಸಿಕ್ಕಿದೆ. ಹೋದದ್ದು ನಾಟಕ ಮುಗಿದಾಗಿನ ಒಂದು ಚಪ್ಪಾಳೆ.