ಮಸ್ಕಿಯ ಹದಿನಾಲ್ಕು ತಗಡುಗಳು

ಗಾಳಿ ಕಿತ್ತ ಸೂರುಗಳನ್ನು ನೋಡಿ ಬರುವುದೇ ಒಂದು ಕಾಲಕ್ಕೆ ನನ್ನ ಹೊಟ್ಟೆಪಾಡಾಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ವಿಮಾ ಕಂಪನಿಯ ಪರವಾಗಿ ನಷ್ಟ ನೋಡಿ ವರದಿ ಬರೆಯುವ ಸರ್ವೇಯರ್ ನಾನು. ಮನೆ ಸಿಂಧನೂರಿನಲ್ಲಿ. ಅಳತೆಯ ಟೇಪು, ಸೀಮೆಸುಣ್ಣ, ರೀಲು ಹಾಕಿದ ಕ್ಯಾಮೆರಾ ಚೀಲಕ್ಕೆ ತುಂಬಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದರೆ ಬೇಸಿಗೆಯ ಕೊನೆಯಲ್ಲಿ ದಾರಿಯುದ್ದಕ್ಕೂ ಕೆಲಸ.

ನಮ್ಮ ಕಡೆ ತಮ್ಮ ಮನೆಗೆ ವಿಮೆ ಇದೆಯೆಂದು ಗೊತ್ತಿದ್ದವರೇ ಕಡಿಮೆ. ಮನೆ ಕಟ್ಟಲು ಸಾಲ ಕೊಟ್ಟ ಬ್ಯಾಂಕಿನವರು ಜೊತೆಗೊಂದು ಪಾಲಿಸಿ ಮಾಡಿಸಿ ತಮ್ಮ ಫೈಲಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಸರ್ವೇಯರ್ ಬಂದು ನೋಡುವವರೆಗೆ ಬಿದ್ದದ್ದನ್ನು ಬಿದ್ದಲ್ಲೇ ಬಿಡಬೇಕು ಎಂದು ಆ ಇಂಗ್ಲಿಷ್ ಕಾಗದದಲ್ಲಿ ಬರೆದಿರುತ್ತಿತ್ತು. ಮನೆಯವರಿಗೆ ಅದನ್ನು ಓದಿ ಹೇಳಿದವರು ಯಾರೂ ಇಲ್ಲ. ನಾನೂ ಹೇಳಿದವನಲ್ಲ. ಹೋಗಿ, ಬಿದ್ದದ್ದನ್ನು ಎತ್ತಿಟ್ಟವರ ಮೇಲೆ ಸಿಟ್ಟು ಮಾಡುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ.

ಆ ವರ್ಷ ರೋಹಿಣಿ ಮಳೆಯ ಗಾಳಿ ಮಸ್ಕಿಯ ಒಂದು ಮನೆಯ ಹದಿನಾಲ್ಕೂ ತಗಡುಗಳನ್ನು ಹಾರಿಸಿತ್ತು. ಮನೆಯ ಯಜಮಾನರು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವರು, ವಾರಕ್ಕೊಮ್ಮೆ ಮನೆಗೆ ಬರುವವರು. ನಾನು ಹೋದಾಗ ಅವರ ಹೆಂಡತಿ ಒಬ್ಬರೇ ಇದ್ದರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು.

ಬಾಗಿಲಲ್ಲಿ ರಂಗೋಲಿ. ಒಳಗೆ ಆಗಷ್ಟೇ ಸಾರಿಸಿದ ನೆಲ. ಗಾಳಿ ಕಿತ್ತ ಗೋಡೆಯ ತಲೆಗೆ ಹೊಸ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ಮುರಿದ ಕಟ್ಟಿಗೆ ಇಲ್ಲ, ಒಂದು ಚೂರು ತಗಡಿಲ್ಲ. ಮೇಲೆ ಮಾತ್ರ ಹಗ್ಗ ಬಿಗಿದ ತಾಡಪತ್ರಿ ಪಟಪಟ ಬಡಿಯುತ್ತಿತ್ತು. ನನ್ನ ಮುಂದೆ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣೆಯ ತಟ್ಟೆ ಬಂತು.

“ತಗಡು ಎಲ್ಲಿ ಅದಾವ, ಅಕ್ಕಾರ?”

“ಎಲ್ಲಾ ತೆಗಸೀನ್ರಿ, ಸಾಹೇಬ್ರ. ನೀವು ಬರ್ತೀರಂತ ಬ್ಯಾಂಕಿನವ್ರು ಹೇಳಿದ್ರು. ಮನಿಗೆ ಬಂದವ್ರಿಗೆ ಬಿದ್ದ ಮನಿ ತೋರಸ್ತಾರೇನ್ರೀ?”

ಬಿದ್ದ ಮನೆ ನೋಡಲೆಂದೇ ಬಸ್ಸಿನಲ್ಲಿ ನಿಂತು ಬಂದವನು ನಾನು! ತಲೆ ಕೆಟ್ಟುಹೋಯಿತು. ಹಿಂದಿನ ತಿಂಗಳಷ್ಟೇ ಒಬ್ಬ ಆಸಾಮಿ ತನ್ನ ತಗಡುಗಳನ್ನು ತಾನೇ ಬಿಚ್ಚಿ ಮಾರಿ, ಗಾಳಿಗೆ ಹೋದವು ಎಂದು ನನ್ನೆದುರು ಗೋಳಾಡಿದ್ದ. ಆ ಸಿಟ್ಟೂ ಸೇರಿತು.

“ಹಿಂಗ ಸ್ವಚ್ಛ ಮಾಡಿ ಇಟ್ರ ಗಾಳಿ ಬಂದಿತ್ತಂತ ಯಾರು ನಂಬ್ತಾರ? ನೀವ ಬಿಚ್ಚಿ ಮಾರ್ಕೊಂಡೀರಿ ಅಂತಾರ. ತಗಡು ತೋರಸ್ರಿ. ಇಲ್ಲಾಂದ್ರ ನಷ್ಟ ಏನೂ ಇಲ್ಲಂತ ಬರದು ಹೋಗ್ತೀನಿ.”

ಅವರ ಮುಖ ಸಣ್ಣದಾಯಿತು. “ಹಂಗ ಬರೀಬ್ಯಾಡ್ರಿ. ಮಗಳು ಲಿಂಗಸುಗೂರಾಗ ಅದಾಳ್ರಿ, ಚೊಚ್ಚಲ ಬಸುರಿ. ಐದು ತಿಂಗಳಾಗ್ಯಾವ. ಏಳಕ್ಕ ಕುಬುಸ ಮಾಡಿ ಕರ್ಕೊಂಡು ಬರಬೇಕ್ರಿ. ಸೂರಿಲ್ಲದ ಮನಿಗೆ ಸೊಸೀನ ಕಳಸಂಗಿಲ್ಲ, ಬಾಣಂತನ ನಾವ ಮಾಡ್ಕೋತೀವಿ ಅಂತ ಬೀಗ್ರು ಹೇಳಿ ಕಳಸ್ಯಾರ.”

ಕುಬುಸದ ಸೀಮಂತ ಮುಗಿದು ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ನಮ್ಮಲ್ಲಿ. ಅದೊಂದು ತಪ್ಪಿದರೆ ತಾಯಿಯಾದವಳು ಜೀವನಪೂರ್ತಿ ಕೊರಗುತ್ತಾಳೆ. ನನ್ನ ದನಿ ಸ್ವಲ್ಪ ಇಳಿಯಿತು. “ಹಂಗಾದ್ರ ತಗಡು ಯಾರಿಗೆ ಕೊಟ್ರಿ?”

“ಓಣ್ಯಾಗ ಬೇಕಾದವ್ರಿಗೆ ಕೊಟ್ಟೀನ್ರಿ. ಗಾಳಿ ಕಿತ್ತೊಗದ ತಗಡು ತಿರುಗಿ ಬಾಣಂತಿ ತಲಿ ಮ್ಯಾಲೆ ಹಾಕಬಾರದ್ರಿ. ಅಂಗಳದಾಗೂ ಇಟ್ಕೋಬಾರದು.”

“ಯಾರ್ಯಾರ ಮನಿ, ಹೇಳ್ರಿ.”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು. ಕಣ್ಣು ತುಂಬಿದ್ದವು, ಆದರೆ ಮಾತು ಗಟ್ಟಿಯಾಗಿತ್ತು. “ಕೊಟ್ಟಿದ್ದನ್ನ ಕೇಳಾಕ ಹೋಗೂದಿಲ್ಲ ನಾ. ನೀವು ಹೋಗಿ ಕಸಗೊಂಡ್ರ ಅವ್ರ ಮುಂದ ಹೆಂಗ ನಿಂದರ್ಲಿ? ಬೇಕಾದ್ರ ನಷ್ಟ ಇಲ್ಲಂತ ಬರ್ಕೋರ್ರಿ.” ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಮದ್ಲ ತಿನ್ರಿ, ಆರಾಕತ್ತೈತಿ.”

ಮಗಳಿಗಾಗಿ ಅಷ್ಟು ಹಂಬಲಿಸುವ ಹೆಂಗಸು, ಕೊಟ್ಟ ತಗಡನ್ನು ವಾಪಸು ಕೇಳಲಾರದೆ ಮಗಳನ್ನೇ ಬಿಟ್ಟುಕೊಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಸೂರಿಲ್ಲದ ಮನೆಯಲ್ಲವೇ, ನನ್ನ ರೇಗಾಟವೆಲ್ಲ ಓಣಿಗೆ ಕೇಳಿಸಿತ್ತು. ಪಕ್ಕದ ಮನೆಯ ಹೆಣ್ಣುಮಗಳು ತಲೆಯ ಮೇಲೆ ಒಂದು ತಗಡು ಹೊತ್ತು ಬಾಗಿಲಲ್ಲಿ ನಿಂತಳು. “ಯಕ್ಕಾ, ನಮ್ಮ ಬಚ್ಚಲಕ್ಕ ಅಡ್ಡ ಇಟ್ಟಿದ್ದೆ ಇದನ್ನ. ಸಾಹೇಬ್ರಿಗೆ ತೋರ್ಸು.”

ಅವಳ ಹಿಂದೆ ಇನ್ನೊಬ್ಬಳು ಬಂದಳು, ಕೋಳಿ ಗೂಡಿನ ಮೇಲಿನದನ್ನು ಹಿಕ್ಕೆಯ ಸಮೇತ ಹೊತ್ತು. ಹಣೆ ತುಂಬ ವಿಭೂತಿ ಬಳಿದ ಮುದುಕರೊಬ್ಬರು ಆಡಿನ ಕೊಟ್ಟಿಗೆಯದನ್ನು ಎಳೆದು ತಂದರು, ಬೆನ್ನಿಗೇ ಆಡುಗಳೂ ಬಂದವು. ಸಾರಿಸಿದ ನೆಲದ ಗತಿ ಕೇಳಬೇಡಿ. ಹದಿಮೂರು ತಗಡು ಗೋಡೆಗೆ ಒರಗಿದವು. ಹದಿನಾಲ್ಕನೆಯದರ ಕೆಳಗೆ ಚಹಾದಂಗಡಿಯವನ ಒಲೆ ಉರಿಯುತ್ತಿತ್ತು, ನಾನೇ ಅಲ್ಲಿಗೆ ಹೋಗಿ ನೋಡಿದೆ.

ಕೈಯಿಂದ ಬಿಚ್ಚಿದ ತಗಡಿನಲ್ಲಿ ಹುಕ್ಕು ಬಿಗಿದ ತೂತು ದುಂಡಗೆ ಹಾಗೇ ಇರುತ್ತದೆ. ಗಾಳಿ ಕಿತ್ತದ್ದಾದರೆ ಹುಕ್ಕಿನ ಜಾಗದಿಂದ ಅಂಚಿನವರೆಗೆ ಹರಿದಿರುತ್ತದೆ. ಹದಿನಾಲ್ಕೂ ಹರಿದಿದ್ದವು. ಸೀಮೆಸುಣ್ಣದಲ್ಲಿ ನಂಬರು ಹಾಕಿ, ಅಳೆದು, ಫೋಟೋ ತೆಗೆದೆ. ಹೆಂಗಸರು ತಮ್ಮ ತಮ್ಮ ತಗಡನ್ನು ಹಿಡಿದುಕೊಂಡೇ ನಿಂತಿದ್ದರು.

“ಇನ್ನ ಇವನ್ನ ಒಯ್ತೀರೇನ್ರೀ?” ಎಂದು ಮುದುಕರು ಕೇಳಿದರು.

ನಿಯಮದ ಪ್ರಕಾರ ಉಳಿದ ಮಾಲು ಕಂಪನಿಗೆ ಸೇರಬೇಕು. ವರದಿಯ ಆ ಜಾಗದಲ್ಲಿ ‘ಸೂರಿಗೆ ಮತ್ತೆ ಹಾಕಲು ಬಾರವು’ ಎಂದು ಬರೆದೆ. ಅದು ನಿಜವೇ ಆಗಿತ್ತು. ಕೋಳಿಗೆ, ಆಡಿಗೆ ಬರುತ್ತವೆಯೇ ಎಂದು ಆ ಕಾಗದದಲ್ಲಿ ಯಾರೂ ಕೇಳಿರಲಿಲ್ಲ.

“ಒಯ್ರಿ, ಒಯ್ರಿ, ನಿಮ್ಮ ತಗಡು ನೀವ ಒಯ್ರಿ!” ಎಂದು ಎಲ್ಲರ ಮೇಲೂ ರೇಗಿದೆ. ರೇಗದಿದ್ದರೆ ಅತ್ತುಬಿಡುತ್ತಿದ್ದೆನೇನೋ.

ಫೋಟೋದಲ್ಲಿರುವ ಇಷ್ಟು ಜನ ಯಾರು ಎಂದು ದೊಡ್ಡ ಆಫೀಸಿನಿಂದ ಕಾಗದ ಬಂತು. ಸಾಕ್ಷಿಗಳು ಎಂದು ಉತ್ತರ ಬರೆದೆ. ಆಡುಗಳ ಬಗ್ಗೆ ಏನೂ ಬರೆಯಲಿಲ್ಲ. ಕ್ಲೇಮು ಮಂಜೂರಾಗುವವರೆಗೆ ವಾರ ವಾರ ಬೆನ್ನು ಹತ್ತಿದೆ, ಹಾಗೆ ಬೇರೆ ಯಾರ ಕೆಲಸಕ್ಕೂ ನಾನು ಓಡಾಡಿದವನಲ್ಲ. ಅಲ್ಲಿಂದಾಚೆ ಪಾಲಿಸಿ ಇದ್ದ ಮನೆಗೆ ಹೋದಾಗಲೆಲ್ಲ ಆ ಇಂಗ್ಲಿಷ್ ಕಾಗದವನ್ನು ನಮ್ಮ ಮಾತಿನಲ್ಲಿ ಓದಿ ಹೇಳುವುದನ್ನೂ ರೂಢಿ ಮಾಡಿಕೊಂಡೆ.

ದೀಪಾವಳಿಯ ಹೊತ್ತಿಗೆ ಲಿಂಗಸುಗೂರಿಗೆ ಹೊರಟಿದ್ದವನು, ಮನಸ್ಸು ತಡೆಯದೆ ಮಸ್ಕಿಯಲ್ಲಿ ಇಳಿದೆ. ಒಳಗಿನ ಕೋಣೆಯಲ್ಲಿ ಲೋಬಾನದ ಹೊಗೆ. ತಲೆಗೆ ಬಟ್ಟೆ ಬಿಗಿದುಕೊಂಡ ಮಗಳು ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ತೊಲೆಗೆ ತೂಗುಹಾಕಿದ ತೊಟ್ಟಿಲು.

“ಬರ್ರಿ, ಸಾಹೇಬ್ರ,” ಎಂದು ಆ ತಾಯಿ ನನ್ನನ್ನು ತೊಟ್ಟಿಲ ಬಳಿ ನಿಲ್ಲಿಸಿದರು. “ಈಗ ಸರ್ವೇ ಮಾಡ್ರಿ. ಮ್ಯಾಲೆ ನೋಡ್ರಿ, ಎಲ್ಲ್ಯಾರ ಒಂದು ತೂತು ಕಂಡ್ರ ಹೇಳ್ರಿ.”

ಮೂಲೆ ಮೂಲೆ ನೋಡಿದೆ. ಹೊಸ ತಗಡಿನಲ್ಲಿ ಎಲ್ಲೂ ಬೆಳಕು ಒಸರುತ್ತಿರಲಿಲ್ಲ. ಕೆಳಗೆ ಕೂಸು ಮುಷ್ಟಿ ಬಿಗಿದು ಮಲಗಿತ್ತು.

“ನಷ್ಟ ಏನೂ ಇಲ್ರಿ, ಅಕ್ಕಾರ,” ಎಂದೆ.