ಕಾಲಂಗುಲ ಕಡಿಮೆಯ ಕ್ಲೆಮೆಂಟೆ

ನನ್ನ ತಲೆಯ ಮೇಲೆ ಉಳಿದಿರುವ ಕೂದಲನ್ನು ಕತ್ತರಿಸಲು ಕೈ ಪಳಗಿದ ಕ್ಷೌರಿಕನಿಗೆ ನಾಲ್ಕು ನಿಮಿಷ ಸಾಕು. ಎಮಿಲ್ ಚೆರ್ನಕ್ ಐವತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ನಾಲ್ಕು ನಿಮಿಷ ಕತ್ತರಿಗೆ, ಮಿಕ್ಕ ನಲವತ್ತಾರು ಬೇಸ್‌ಬಾಲಿಗೆ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತವನು ನಡುವೆ ಎದ್ದು ಓಡಲಾರ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಪಿಟ್ಸ್‌ಬರ್ಗಿನಿಂದ ನದಿಯ ದಂಡೆ ಹಿಡಿದು ಮುಕ್ಕಾಲು ಗಂಟೆ ಬಂದರೆ ನಮ್ಮ ಮಿಲ್‌ಬೆಂಡ್. ಉಕ್ಕಿನ ಕಾರ್ಖಾನೆ ಮುಚ್ಚಿತು, ಸಿನಿಮಾ ಥಿಯೇಟರು ಮುಚ್ಚಿತು, ಎರಡು ಚರ್ಚುಗಳು ಸೇರಿ ಒಂದಾದವು. ಚೆರ್ನಕ್ ಕ್ಷೌರದಂಗಡಿ ಮಾತ್ರ ಅಪ್ಪನ ಕಾಲದಿಂದ ಹಾಗೇ ಇದೆ. ಅಲ್ಲಿ ಎರಡು ಕುರ್ಚಿಗಳಿವೆ. ಒಂದರಲ್ಲಿ ಗಿರಾಕಿ ಕೂರುತ್ತಾನೆ. ಇನ್ನೊಂದರಲ್ಲಿ ಎಮಿಲ್‌ರ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರವಿರುವ ರಟ್ಟಿನ ಚೀಟಿಗಳ, ಆಲ್ಬಮ್ಮುಗಳು, ಧೂಳು ಬೀಳದಿರಲೆಂದು ಗಿರಾಕಿಯ ಹಾಗೆಯೇ ಮೈತುಂಬ ಬಿಳಿ ಬಟ್ಟೆ ಹೊದ್ದು, ಯಾವ ಅವಸರವೂ ಇಲ್ಲದೆ ಕೂತಿವೆ. ಶನಿವಾರ ಬೆಳಿಗ್ಗೆ ಎಂಟು ಜನ ಬೆಂಚಿನ ಮೇಲೆ ಕಾಯುತ್ತಿದ್ದರೂ ಆ ಕುರ್ಚಿ ಯಾರಿಗೂ ಸಿಗದು.

ಕನ್ನಡಿಯ ಮೇಲ್ಗಡೆ, ಎಲ್ಲರ ಕಣ್ಣಿಗೂ ಬೀಳುವಂತೆ, ಚೌಕಟ್ಟು ಹಾಕಿದ ಒಂದೇ ಒಂದು ಕಾರ್ಡು. ರಾಬರ್ಟೊ ಕ್ಲೆಮೆಂಟೆ, 1955, ಆತ ನಮ್ಮ ಪೈರೇಟ್ಸ್ ತಂಡಕ್ಕೆ ಬಂದ ಮೊದಲ ವರ್ಷದ್ದು. ಹಸಿರು ಹಿನ್ನೆಲೆ, ಎಳೆಯ ಮುಖ. ಸುತ್ತ ಅಗಲವಾದ ಕೆನೆಬಣ್ಣದ ರಟ್ಟಿನ ಪಟ್ಟಿ, ಅದರ ಮೇಲೆ ಗಾಜು. ಏಳನೇ ವಯಸ್ಸಿನಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಎಮಿಲ್‌ಗೆ ಸಿಕ್ಕಿದ್ದು.

"ಯಾರೋ ಹೊಸಬ ಅಂತ ಪಕ್ಕದ್ಮನೆ ಹುಡುಗ ಬಿಸಾಕ್ತಿದ್ದ, ನಾನು ಮುಖ ನೋಡ್ದೆ, ಇವ್ನು ದೊಡ್ಡವನಾಗ್ತಾನೆ ಅಂದೆ" ಎಂದು ಎಮಿಲ್ ಹೇಳುತ್ತಾರೆ. ಪೊಟ್ಟಣ ಒಡೆದದ್ದು ಇವರಾದರೆ ಬಿಸಾಡಲು ಹೊರಟಿದ್ದು ಪಕ್ಕದ ಮನೆಯ ಹುಡುಗ ಹೇಗಾದ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ಇನ್ನೂ ಇಪ್ಪತ್ತು ನಿಮಿಷ.

ಒಂದು ಮಾತು ಒಪ್ಪಬೇಕು. ಕ್ಲೆಮೆಂಟೆಯ ಸುದ್ದಿ ಬಂದರೆ ಎಮಿಲ್‌ರ ಜಂಬ ಇಳಿದು ದನಿ ಬೇರೆಯಾಗುತ್ತದೆ. ಮೈದಾನದ ಬಲಮೂಲೆಯಿಂದ ಆತ ಚೆಂಡೆಸೆಯುತ್ತಿದ್ದ ರೀತಿಯನ್ನು ಕತ್ತರಿ ಹಿಡಿದ ಕೈಯಲ್ಲೇ ಮಾಡಿ ತೋರಿಸುತ್ತಾರೆ. ನಾವು ಕಿವಿ ಮುಚ್ಚಿಕೊಳ್ಳುತ್ತೇವೆ, ಕಿವಿ ಉಳಿಯಲೆಂದು. ಮೂರು ಸಾವಿರ ಹೊಡೆತ, ಸರಿಯಾಗಿ ಮೂರು ಸಾವಿರ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಆಮೇಲೆ 1972ರ ಕೊನೆಯ ದಿನ, ಭೂಕಂಪದಲ್ಲಿ ನೊಂದವರಿಗೆ ಸಾಮಾನು ಹೊತ್ತ ವಿಮಾನದಲ್ಲಿ ಹೊರಟವನು ಸಮುದ್ರದ ಪಾಲಾದ. ಆ ವಾರ ಅಪ್ಪ ಮಗ ಇಬ್ಬರೂ ಅಂಗಡಿಯಲ್ಲಿ ಮಾತಿಲ್ಲದೆ ಕೂದಲು ಕತ್ತರಿಸಿದರಂತೆ. ಚೆರ್ನಕ್ ಅಂಗಡಿಯ ಚರಿತ್ರೆಯಲ್ಲಿ ಅದೊಂದೇ ಅಂಥ ವಾರ.

ಇನ್ನು ಜಂಬದ ವಿಷಯ. ಹಳೆಯ ಕಾರ್ಡಿನ ಮರ್ಯಾದೆಯೆಲ್ಲ ಅದರ ಅಂಚು, ಮೂಲೆಗಳಲ್ಲಿದೆ. ಸವೆದ ಅಂಚನ್ನು ನವಿರಾಗಿ ಕತ್ತರಿಸಿ ಹೊಸದರಂತೆ ಕಾಣಿಸುವ ಕಳ್ಳಬುದ್ಧಿಯೂ ಇದೆ. ಅಂಥ ಕಾರ್ಡಿಗೆ ಎಮಿಲ್ ಇಟ್ಟ ಹೆಸರು 'ಕ್ಷೌರವಾದದ್ದು'. ಪ್ರತಿ ಏಪ್ರಿಲ್‌ನಲ್ಲಿ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ನಮ್ಮ ಕಾರ್ಡು ಸಂಗ್ರಾಹಕರ ಸಂಘದ ಮೇಳ ನಡೆಯುತ್ತದೆ. ಅಲ್ಲೊಂದು ತಗಡಿನ ತಟ್ಟೆ ಇಟ್ಟು, 'ಕ್ಷೌರವಾದವು' ಎಂದು ದಪ್ಪಕ್ಷರದಲ್ಲಿ ಬರೆದು, ಕಂಡವರ ಕಾರ್ಡುಗಳನ್ನು ಅದರಲ್ಲಿ ಹಾಕಿ ತೋರಿಸುವುದು ಅವರ ಸಂತೋಷ. ಆರು ವರ್ಷದ ಹಿಂದೆ ಪ್ಲಂಬರ್ ಡೆಲ್ಮರ್ ಯಾನ್ಸಿ, ತೀರಿಕೊಂಡ ತನ್ನ ಮಾವನ ಪೆಟ್ಟಿಗೆಯಲ್ಲಿ ಸಿಕ್ಕ ಕಾರ್ಡೊಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಎಮಿಲ್ ಅದನ್ನು ಬೆಳಕಿಗೆ ಹಿಡಿದು, "ನಿಮ್ಮಾವ ಯಾವ ಸಲೂನಿಗೆ ಹೋಗ್ತಿದ್ರಪ್ಪ?" ಎಂದು ಇಡೀ ಹಾಲಿಗೆ ಕೇಳುವಂತೆ ಅಂದು ತಟ್ಟೆಗೆ ಹಾಕಿದರು. ಜನ ನಕ್ಕರು. ನಾನೂ ನಕ್ಕೆ. ಅಂದಿನಿಂದ ಡೆಲ್ಮರ್ ಎಂಟು ಮೈಲಿ ಗಾಡಿ ಓಡಿಸಿ ಪಕ್ಕದೂರಲ್ಲಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದ.

ಮೇಳಕ್ಕೊಂದು ಪದ್ಧತಿಯಿದೆ. ಬಾಗಿಲ ಬಳಿಯ ಮುಂದಿನ ಮೇಜಿನ ಮೇಲೆ, ಹಸಿರು ಬಟ್ಟೆ ಹಾಸಿ, ಆ ವರ್ಷದ ಹೆಮ್ಮೆಯ ಕಾರ್ಡು ಒಂದನ್ನೇ ಇಡುತ್ತಾರೆ. ಅದರ ಒಡೆಯ ಠಾಣೆಯ ಹಳೆಯ ಹಿತ್ತಾಳೆ ಗಂಟೆ ಹೊಡೆದ ಮೇಲೆಯೇ ಮೇಳ ಶುರು, ಚರ್ಚಿನ ಹೆಂಗಸರು ಮಾಡುವ ಪಿರೋಗಿ, ಆಲೂಗಡ್ಡೆ ತುಂಬಿದ ಕಡುಬು, ಬಾಣಲೆಯಿಂದ ಏಳುವುದೂ ಆಮೇಲೆಯೇ. ಇಪ್ಪತ್ತೆರಡು ವರ್ಷದಿಂದ ಮೇಜಿನ ಮೇಲೆ ಎಮಿಲ್‌ರ ಕ್ಲೆಮೆಂಟೆ, ಗಂಟೆಯ ಹಗ್ಗ ಎಮಿಲ್‌ರ ಕೈಯಲ್ಲಿ.

ಈ ವರ್ಷ ಸಂಘದ ಅಧ್ಯಕ್ಷರು ಫ್ಲಾರಿಡಾಕ್ಕೆ ಮನೆ ಬದಲಾಯಿಸಿದರು. ಅವರ ಜಾಗಕ್ಕೆ ಬರ್ನಡೀನ್ ಕೋಸ್ಟಿಕ್ ಬಂದರು. ಎಪ್ಪತ್ತೈದು ದಾಟಿದ, ಅರ್ಧ ಊರಿಗೆ ಗಣಿತ ಹೇಳಿಕೊಟ್ಟ ಟೀಚರ್. ಅವರೆದುರು ನಾನು ಈಗಲೂ ಕೈಯನ್ನು ಜೇಬಿನಿಂದ ಹೊರಗೆ ತೆಗೆದೇ ಮಾತಾಡುವುದು. ಮೊದಲ ಸಭೆಯಲ್ಲೇ ಹೇಳಿದರು:

"ಇಪ್ಪತ್ತೆರಡು ವರ್ಷ ಚೌಕಟ್ಟು ನೋಡಿದ್ದಾಯ್ತು. ಈ ಸಲ ಕಾರ್ಡು ನೋಡೋಣ. ಮುಂದಿನ ಮೇಜಿಗೆ ಯಾವುದೇ ಬರ್ಲಿ, ಎಲ್ಲರೆದುರಿಗೆ ಚೌಕಟ್ಟಿಂದ ತೆಗೆದು ಅಳತೆ ಮಾಡಿ ಇಡ್ಬೇಕು. ಯಾರು ಒಪ್ತೀರಿ?"

ಮೊದಲು ಕೈ ಎತ್ತಿದ್ದು ಎಮಿಲ್. ಎತ್ತದೆ ವಿಧಿಯಿರಲಿಲ್ಲ. ಊರಿನ ಕಾರ್ಡುಗಳನ್ನೆಲ್ಲ ಅಳೆಯಬೇಕು ಎಂದು ಹದಿನೈದು ವರ್ಷದಿಂದ ಗಂಟಲು ಹರಿದುಕೊಂಡವರು ಅವರೇ. ಆದರೆ ಎತ್ತಿದ ಕೈ ಬಹಳ ಹೊತ್ತು ಇಳಿಯಲಿಲ್ಲ. ಮರೆತರೇನೋ ಎಂದು ನಾನೇ ತೋಳು ಹಿಡಿದು ಇಳಿಸಿದೆ.

ಮುಂದಿನ ಶನಿವಾರ ಮಧ್ಯಾಹ್ನ ನನ್ನ ಎಡಗಡೆ ಕತ್ತರಿಸಿ ಮುಗಿದಿತ್ತು. ಎಮಿಲ್ ಇದ್ದಕ್ಕಿದ್ದಂತೆ ಹೋಗಿ ಬಾಗಿಲಿಗೆ 'ಮುಚ್ಚಿದೆ' ಫಲಕ ತಿರುಗಿಸಿ ಬಂದರು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

"ಅರ್ಧ ತಲೆ ನಿಮ್ ಕೈಲಿದೆ. ಏನ್ ಬೇಕಾದ್ರೂ ಕೊಡ್ತೀನಿ."

ಅವರು ನಗಲಿಲ್ಲ. ಚೌಕಟ್ಟಿನ ಕಡೆ ಗದ್ದ ಎತ್ತಿ ತೋರಿಸಿದರು.

"ಅದು ಕ್ಷೌರವಾಗಿದೆ ಮಾರಾಯ."

"ಯಾರ್ ಮಾಡಿದ್ದು?"

"ಇನ್ಯಾರು? ಈ ಊರಲ್ಲಿ ಚೆರ್ನಕ್ ಬಿಟ್ರೆ ಕತ್ತರಿ ಹಿಡಿಯೋರು ಯಾರಿದ್ರು?"

ಕಥೆ ಇಷ್ಟು. ಐವತ್ತೈದರ ಕಾರ್ಡುಗಳು ದೊಡ್ಡವು. ಐವತ್ತೇಳರಲ್ಲಿ ಕಂಪನಿ ಅಳತೆ ಇಳಿಸಿತು. ಒಂಬತ್ತು ವರ್ಷದ ಎಮಿಲ್ ಎಲ್ಲವನ್ನೂ ಒಂದೇ ಕಟ್ಟಾಗಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದ. ಹಳೆಯ ಕಾರ್ಡುಗಳು ಕಟ್ಟಿನಿಂದ ಹೊರಗೆ ಹಲ್ಲು ಚಾಚಿದವು.

"ಅಂಚು ಸಮ ಇಲ್ದಿದ್ರೆ ಕೆಲ್ಸ ಮುಗ್ದಿಲ್ಲ ಅಂತ ಅರ್ಥ ಅಂತ ಅಪ್ಪ ದಿನಾ ಹೇಳ್ತಿದ್ರು. ನಾನು ಅಪ್ಪನ ಮಾತು ಕೇಳೋ ಹುಡುಗ. ದೊಡ್ಡ ಕತ್ತರಿ ತಗೊಂಡೆ, ಒಂದೇ ಮಧ್ಯಾಹ್ನ ನಲವತ್ತು ಕಾರ್ಡು! ಅಡ್ಡಕ್ಕೆ ಕಾಲಂಗುಲ, ಎತ್ತರಕ್ಕೆ ಅರೆಕಾಲಂಗುಲ. ಕಟ್ಟು ಇಟ್ಟಿಗೆ ತರ ನೇರ ನಿಂತ್ಕೊಳ್ತು. ಅಪ್ಪ ನೋಡಿ ಬೆನ್ನು ತಟ್ಟಿದ್ರು ಗೊತ್ತಾ?"

"ಆ ರಟ್ಟಿನ ಪಟ್ಟಿ…"

"ಅದ್ಕೇ ಇರೋದು."

ನಾನು ಹಿತೈಷಿಯಂತೆ ಉಪಾಯಗಳನ್ನು ಸೂಚಿಸಿದೆ. ಜ್ವರ ಬರಿಸಿಕೊಳ್ಳಿ. ಚೌಕಟ್ಟು ಅಂಟಿಹೋಗಿದೆ ಎನ್ನಿ. ಈ ಸಲ ಚಿಕ್ಕವರಿಗೆ ಅವಕಾಶವಿರಲಿ ಎಂದು ದೊಡ್ಡ ಮನಸ್ಸು ಮಾಡಿ.

"ಇಪ್ಪತ್ತೆರಡು ವರ್ಷ ಇಟ್ಟೋನು ಅಳತೆ ಅಂದ ವರ್ಷ ಇಡ್ಲಿಲ್ಲ ಅಂದ್ರೆ ಡೆಲ್ಮರ್‌ಗೆ ಅರ್ಥ ಆಗಲ್ವ? ಅವ್ನು ನಲ್ಲಿ ರಿಪೇರಿ ಮಾಡ್ತಾ ಮಾಡ್ತಾ ಮನೆ ಮನೆಗೂ ಹೇಳ್ತಾನೆ. ನಾನು ಸತ್ ಮೇಲೂ ನನ್ನ ಗೋರಿಕಲ್ಲಿನ ಮೇಲೆ ಕ್ಷೌರವಾದದ್ದು ಅಂತ ಬರೀತಾರೆ."

ಅವತ್ತು ನನ್ನ ಬಲಗಡೆ ಎಡಗಡೆಗಿಂತ ಬೆರಳಗಲ ಗಿಡ್ಡವಾಯಿತು. ಹೆಂಡತಿ ಕೇಳಿದಳು. ಮಾತು ಕೊಟ್ಟಿದ್ದೆನಲ್ಲ, ಫ್ಯಾಷನ್ ಎಂದೆ.

ಮೇಳದ ದಿನ ಎಮಿಲ್ ಟೈ ಕಟ್ಟಿಕೊಂಡು, ಚೌಕಟ್ಟನ್ನು ಎದೆಗೊತ್ತಿಕೊಂಡು ಬಂದರು. ಹಾಲ್‌ನಲ್ಲಿ ಈರುಳ್ಳಿ ಬೆಣ್ಣೆಯಲ್ಲಿ ಹುರಿಯುವ ವಾಸನೆ, ನೂರು ಜನ, ಎಲ್ಲರ ಕಣ್ಣೂ ಮುಂದಿನ ಮೇಜಿನ ಮೇಲೆ. ಮೊದಲ ಸಾಲಿನಲ್ಲಿ, ಆರು ವರ್ಷದಿಂದ ಈ ಕಡೆ ತಲೆ ಹಾಕದ ಡೆಲ್ಮರ್ ಕೈಕಟ್ಟಿ ನಿಂತಿದ್ದ. ಅಳತೆಯ ಸುದ್ದಿ ಪಕ್ಕದೂರ ಸಲೂನಿಗೂ ತಲುಪಿತ್ತು.

ಬರ್ನಡೀನ್ ಟೀಚರ್ ಚೌಕಟ್ಟಿನ ಬೆನ್ನಿನ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ರಟ್ಟು ಸರಿಸಿದರು. ಕಾರ್ಡನ್ನು ಹಸಿರು ಬಟ್ಟೆಯ ಮೇಲಿಟ್ಟು ಸ್ಟೀಲಿನ ಸ್ಕೇಲು ಹಚ್ಚಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಕಂಡಿತು: ಎಡಬಲಕ್ಕೆ ಇರಬೇಕಾದ ಬಿಳಿ ಅಂಚು ಇಲ್ಲವೇ ಇಲ್ಲ. ಟೀಚರ್ ಕನ್ನಡಕದ ಮೇಲಿನಿಂದ ಎಮಿಲ್‌ರನ್ನು ನೋಡಿದರು. ಕಪ್ಪುಹಲಗೆಯ ಮುಂದೆ ಸುಣ್ಣದಕಡ್ಡಿ ಹಿಡಿದು, ಉತ್ತರ ಹೊಳೆಯದೆ ನಿಂತ ಮುಖಗಳನ್ನು ಮೂವತ್ತೈದು ವರ್ಷ ನೋಡಿದವರು ಅವರು. ಮೆಲ್ಲಗೆ ಅಂಗೈಯಿಂದ ಕಾರ್ಡನ್ನು ಮುಚ್ಚಿದರು.

"ಅಡ್ಡ ಮೂರೂಮುಕ್ಕಾಲು ಅಂಗುಲ. ಎತ್ತರವೂ ಸರಿ ಇದೆ. ಗಂಟೆ ಹೊಡಿ ಎಮಿಲ್."

ಎಮಿಲ್ ಬದುಕಿದರು. ಮುಖಕ್ಕೆ ರಕ್ತ ಬಂತು, ಕೈ ಹಗ್ಗಕ್ಕೆ ಹೋಯಿತು. ನಾನೂ ಉಸಿರು ಬಿಟ್ಟೆ. ಹಗ್ಗ ಅರ್ಧ ಇಳಿದಿತ್ತು, ಅಲ್ಲೇ ನಿಂತಿತು.

"ಮೂರೂಮುಕ್ಕಾಲು ಅಂದ್ರಾ?"

"ಅಂದೆ. ಹೊಡಿ."

"ಟೀಚರ್, ಅದು ಮೂರೂಮುಕ್ಕಾಲು ಇಲ್ಲ."

"ಇದೆ ಅಂದ್ನಲ್ಲ. ಸುಮ್ನೆ ಗಂಟೆ ಹೊಡಿಯಪ್ಪ, ಪಿರೋಗಿ ಸೀದು ಹೋಗ್ತಾ ಇದೆ."

"ಹೆಂಗ್ ಸುಮ್ನಿರ್ಲಿ? ಗಣಿತದ ಟೀಚರಾಗಿ ಸ್ಕೇಲು ಓದಕ್ಕೆ ಬರಲ್ವ ನಿಮ್ಗೆ? ಅದು ಮೂರೂವರೆ! ಕಾಲಂಗುಲ ಕಮ್ಮಿ! ಎರಡು ಕಡೆ ಬಿಳಿ ಅಂಚೇ ಇಲ್ಲ, ಕುರುಡನಿಗೂ ಕಾಣುತ್ತೆ!" ಅವರ ದನಿ ಏರುತ್ತಲೇ ಹೋಯಿತು. "ಐವತ್ತೈದರ ಕಾರ್ಡಿನ ಅಳತೆಯನ್ನ ನನ್ನೆದುರಿಗೆ, ನನ್ನೆದುರಿಗೆ ತಪ್ಪು ಹೇಳ್ತೀರಾ? ಇಷ್ಟು ಜನ ಅದನ್ನೇ ನಿಜ ಅಂದ್ಕೊಂಡು ಮನೆಗೆ ಹೋದ್ರೆ?"

ಆಮೇಲೆ ಅವರಿಗೆ ತಮ್ಮ ಮಾತು ತಮಗೇ ಕೇಳಿಸಿತು.

ಡೆಲ್ಮರ್ ಕಟ್ಟಿದ್ದ ಕೈ ಬಿಚ್ಚಿದ.

"ಯಾರ್ ಕತ್ತರಿಸಿದ್ದು, ಎಮಿಲ್?"

"ನಾನೇ."

ಎಮಿಲ್ ಹಗ್ಗ ಬಿಟ್ಟರು. ಟೀಚರ್‌ರ ಅಂಗೈಯ ಕೆಳಗಿನಿಂದ ಕಾರ್ಡನ್ನು ಬಿಡಿಸಿಕೊಂಡು, ಹಾಲ್‌ನ ಆ ತುದಿಗೆ ನಡೆದುಹೋಗಿ, ತಾವೇ ಬರೆದ ಫಲಕದ ಕೆಳಗಿನ ತಗಡಿನ ತಟ್ಟೆಯಲ್ಲಿ ಇಟ್ಟರು. ಗಂಟೆ ಯಾರು ಹೊಡೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಟೀಚರೇ ಹೊಡೆದರು, ಒಂದೇ ಏಟು. ನೂರು ಜನ ತಮಗರಿವಿಲ್ಲದೆ ಶಾಲೆಯ ಮಕ್ಕಳಂತೆ ಪಿರೋಗಿಗೆ ಸಾಲಾಗಿ ನಿಂತರು.

ಡೆಲ್ಮರ್ ಪಿರೋಗಿಯ ಸಾಲು ಬಿಟ್ಟು ನೇರ ತಟ್ಟೆಯ ಹತ್ತಿರ ಹೋದ. ಜಗಳವಾದೀತೆಂದು ನಾನೂ ಹಿಂದೆ ಹೋದೆ.

"ನಮ್ಮಾವಂದು ಎಷ್ಟು ಕಮ್ಮಿ ಇತ್ತು?"

"ಕೂದಲೆಳೆಯಷ್ಟು" ಎಂದರು ಎಮಿಲ್, ತಲೆ ಎತ್ತದೆ.

"ನಿಮ್ದು?"

"ಕಾಲಂಗುಲ. ಹೇಳಿದ್ನಲ್ಲ."

"ಹಂಗಾದ್ರೆ ನಮ್ಮಾವಂದೇ ಮೇಲು ಅಂತಾಯ್ತು."

ಎಮಿಲ್ ತಟ್ಟೆಯಲ್ಲಿದ್ದ ಕ್ಲೆಮೆಂಟೆಯನ್ನು ತಿರುವಿ ಅಂಚು ನೋಡಿದರು. ಒಪ್ಪಿಕೊಳ್ಳುವುದು ಅವರ ಮನಸ್ಸಿಗಿಂತ ವಿದ್ಯೆಗೆ ಕಷ್ಟವಾದಂತೆ ಕಂಡಿತು.

"ಮೇಲು" ಎಂದರು. "ನಾನು ಅವತ್ತು ಹಂಗೆ ಆಡಬಾರದಿತ್ತು."

"ಅದೆಲ್ಲ ಬಿಡಿ. ಕತ್ತರಿಸಿದ್ದು ಅಂತ ಗೊತ್ತಾಗೋದು ಹೆಂಗೆ, ಅದನ್ನ ತೋರ್ಸಿ."

ಕೇಳಬಾರದ್ದನ್ನು ಕೇಳಿಬಿಟ್ಟ. ಎಮಿಲ್ ಭೂತಗನ್ನಡಿ ತೆಗೆದರು. ಹಳೆಯ ಅಂಚು ಹೇಗೆ ದುಂಡಗಾಗಿರುತ್ತದೆ, ಕತ್ತರಿ ಬಿದ್ದ ಅಂಚು ಹೇಗೆ ಹೊಳೆಯುತ್ತದೆ ಎಂದು ತಮ್ಮ ಕ್ಲೆಮೆಂಟೆಯನ್ನೇ ಹಿಡಿದು ಪಾಠ ಶುರುಮಾಡಿದರು. ಸುತ್ತ ಜನ ಸೇರಿತು. ಸಂಜೆ ಮೇಜುಗಳನ್ನು ಮಡಚುವವರೆಗೂ ಮೇಳದ ಗುಂಪೆಲ್ಲ ತಟ್ಟೆಯ ಮುಂದೆ. ಮುಂದಿನ ಮೇಜಿನ ಮೇಲೆ ಹಸಿರು ಬಟ್ಟೆ ಮಾತ್ರ ಇತ್ತು. ಯಾರೋ ಅದರ ಮೇಲೆ ಪಿರೋಗಿಯ ತಟ್ಟೆ ಇಟ್ಟಿದ್ದರು.

ಎರಡು ವಾರದ ಮೇಲೆ ನಾನು ಅಂಗಡಿಗೆ ಹೋದಾಗ ಕುರ್ಚಿಯಲ್ಲಿ ಡೆಲ್ಮರ್ ಕೂತಿದ್ದ, ಕುತ್ತಿಗೆಯವರೆಗೆ ಬಿಳಿ ಬಟ್ಟೆ. ಕನ್ನಡಿಯ ಮೇಲೆ ಕ್ಲೆಮೆಂಟೆ ಮರಳಿ ಬಂದಿದ್ದ. ಈಗ ರಟ್ಟಿನ ಪಟ್ಟಿ ಇಲ್ಲ, ಗಾಜಿನ ಹಿಂದೆ ನಾಲ್ಕು ಅಂಚೂ ಬಯಲು.

"ಆ ಎಡಗಡೆ ಅಂಚು ನೋಡು" ಎನ್ನುತ್ತಿದ್ದರು ಎಮಿಲ್, ಕತ್ತರಿಯಿಂದ ತೋರಿಸುತ್ತ. "ಒಂಬತ್ತು ವರ್ಷದ ಕೈ, ಅಪ್ಪನ ದೊಡ್ಡ ಕತ್ತರಿ, ಒಂದೇ ಏಟಿಗೆ. ಇಡೀ ಪೆನ್ಸಿಲ್ವೇನಿಯಾದಲ್ಲಿ ಇಷ್ಟು ನೇರವಾಗಿ ಕತ್ತರಿಸಿದ ಕ್ಲೆಮೆಂಟೆ ಇನ್ನೊಂದು ತೋರ್ಸು, ನೋಡೋಣ!"

ನಿಜ ಹೇಳಬೇಕೆಂದರೆ ಬಲಗಡೆ ಅಂಚು ತುಸು ವಾಲಿದೆ. ಬರ್ನಡೀನ್ ಟೀಚರೂ ಅದನ್ನು ಹೇಳಿಲ್ಲ, ನಾನು ಯಾಕೆ ಹೇಳಲಿ? ಡೆಲ್ಮರ್ ಕನ್ನಡಿಯಲ್ಲಿ ನನ್ನ ಕಡೆ ದೀನನಾಗಿ ನೋಡಿದ. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಅವನಿಗೆ ಇನ್ನೂ ನಲವತ್ತು ನಿಮಿಷ ಬಾಕಿಯಿತ್ತು.