ವೈಫೈಗೂ ಅಪ್ಪಣೆ ಕೇಳುತ್ತಿದ್ದ ಲ್ಯಾಪ್‌ಟಾಪುಗಳು

ರಾಯಚೂರಿನ ಮೊದಲ ಬಸ್ಸು ದೇವದುರ್ಗದಾಚೆಯ ಹಳ್ಳಿಯಲ್ಲಿ ಮಲ್ಲೇಶ್ವರಿಯನ್ನು ಇಳಿಸಿ ಹೋದಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಓದುವ ಕೋಣೆಯ ಮುಂದೆ ಬೂದೆಮ್ಮ ಕಸ ಗುಡಿಸುತ್ತಿದ್ದಾರೆ. ಕೋಣೆ ನೋಡಿಕೊಳ್ಳುವವರು ಅವರೇ.

"ಬಂದೇನವಾ? ಹೊಸಾ ವೈಫೈ ಡಬ್ಬಿ ಹಾಕಿ ಹೋಗ್ಯಾರ. ಆವತ್ತಿಂದ ನೆಟ್ಟು ಹತ್ತವಲ್ದು."

ಮಲ್ಲೇಶ್ವರಿ ಚಾಪೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುತ್ತಾಳೆ. ಹೊಸ ವೈಫೈ ಹೆಸರು ಒತ್ತಿ, ಡಬ್ಬಿಯ ಹಿಂದೆ ಬರೆದ ಪಾಸ್‌ವರ್ಡ್ ಹೊಡೆಯುತ್ತಾಳೆ. ಕೂಡಲೇ ಪರದೆಯ ಮೇಲೆ ಇನ್ನೊಂದು ಚೌಕ ಎದ್ದು ಮತ್ತೊಂದು ಪಾಸ್‌ವರ್ಡ್ ಕೇಳುತ್ತದೆ.

"ಮಂದಿ ಸಿಗಿಬೀಳೂದು ಇಲ್ಲೇ ನೋಡ್ರಿ. ವೈಫೈದ್ದ ತಪ್ಪಾಗ್ಯದ ಅಂತ ತಿಳದು ಅದನ್ನ ಮತ್ತ ಮತ್ತ ಹೊಡಿತಾರ. ಇದು ಬ್ಯಾರೆ. ಮಷೀನಿನ ಮಾಲೀಕರ ಪಾಸ್‌ವರ್ಡ್ ಇದು," ಎನ್ನುತ್ತಾಳೆ.

ಮಾಲೀಕರು ಅಂದರೆ ರಾಯಚೂರಿನ ಒಂದು ಸೇವಾಸಂಸ್ಥೆ. ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ದೇವದುರ್ಗ, ಮಾನ್ವಿ ಸುತ್ತಲಿನ ಓದುವ ಕೋಣೆಗಳಿಗೆ ಕೊಟ್ಟಿದೆ. ಕೊಡುವಾಗ, ಹೊಸ ನೆಟ್‌ವರ್ಕ್ ಸೇರಿಸಬೇಕಾದರೂ ಸಂಸ್ಥೆಯ ಪಾಸ್‌ವರ್ಡ್ ಬೇಕೆಂದು ಬಿಗಿ ಮಾಡಿಟ್ಟಿದೆ. ಅದನ್ನು ಹೊಡೆಯಲು ದಿನಕ್ಕೆ ಎರಡು ಊರು, ನಾಲ್ಕು ಬಸ್ಸು ಹತ್ತಿಳಿಯುವುದೇ ಮಲ್ಲೇಶ್ವರಿಯ ನೌಕರಿ. ಊರುಗಳಲ್ಲಿ ಅವಳಿಗೆ 'ಪಾಸ್‌ವರ್ಡ್ ಅಕ್ಕ' ಎಂದೇ ಹೆಸರು.

ಅವಳು ರಾಯಚೂರು ಹತ್ತಿರದ ಕಲ್ಮಲದವಳು. ಅಪ್ಪ ಅಮೋಘಸಿದ್ದ ಕುರಿ ಕಾಯುತ್ತಾರೆ. ರಾಯಚೂರಿಗೆ ಓಡಾಡಿಕೊಂಡೇ ಡಿಪ್ಲೊಮಾ ಮುಗಿಸಿದಳು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಸಂಸ್ಥೆಯ ಮೇಲ್ವಿಚಾರಕ ಅನಿಲಕುಮಾರರಿಗೆ ಒಂದು ಮಾತು ಹೇಳಿದ್ದಳು: ನೆಟ್ಟು ಹಚ್ಚಿಕೊಳ್ಳುವ ಅನುಮತಿಯೊಂದನ್ನು ಸಾಮಾನ್ಯ ಬಳಕೆದಾರರಿಗೆ ಬಿಡೋಣ, ಉಳಿದ ಬೀಗಗಳು ಹಾಗೇ ಇರಲಿ, ಲಿನಕ್ಸಿನಲ್ಲಿ ಅದಕ್ಕೆ ದಾರಿ ಇದೆ.

"ಹಳ್ಳಿ ಮಂದಿ ಕೈಯಾಗ ಬಿಟ್ರ ಮಷೀನ್ ಉಳೀತಾವೇನ್ರಿ?" ಎಂದು ಅವರು ನಕ್ಕಿದ್ದರು. ಆಮೇಲೆ ಕೇಳಿದಾಗಲೂ ಅದೇ ಉತ್ತರ.

ಹೋದ ವರ್ಷ ಮಾನ್ವಿ ಹತ್ತಿರದ ಹಳ್ಳಿಯಿಂದ ದೇವಿಕಾ ಎಂಬ ಹುಡುಗಿ ಫೋನ್ ಮಾಡಿದಳು. ನರ್ಸಿಂಗ್ ಸೀಟಿಗೆ ಕಾಲೇಜು ಆರಿಸಿ ಕಳಿಸಲು ಅಂದೇ ಕೊನೆಯ ದಿನ. ಓದುವ ಕೋಣೆಯ ಹಳೆ ವೈಫೈ ಕೆಟ್ಟಿತ್ತು. ಪಕ್ಕದ ಮನೆಯವರು ತಮ್ಮದನ್ನು ಕೊಟ್ಟರೂ ಲ್ಯಾಪ್‌ಟಾಪ್ ಅಪ್ಪಣೆ ಕೇಳುತ್ತ ಕೂತಿತ್ತು. ಅವಳ ಸರ್ಟಿಫಿಕೇಟುಗಳೆಲ್ಲ ಅದರೊಳಗೇ. ಒಂದೊಂದು ಯಂತ್ರಕ್ಕೆ ಒಂದೊಂದು ಪಾಸ್‌ವರ್ಡ್, ಎಲ್ಲವೂ ಅನಿಲಕುಮಾರರ ಹತ್ತಿರ. ದೇವದುರ್ಗದಲ್ಲಿದ್ದ ಮಲ್ಲೇಶ್ವರಿ ಅವರಿಗೆ ಫೋನ್ ಮಾಡಿ ಕೇಳಿಕೊಂಡಳು.

"ಹಳ್ಳಿ ಮಂದಿಗೆ ಫೋನ್‌ನ್ಯಾಗ ಹೇಳಾಕ ಬರೂದಿಲ್ಲ. ನೀವು ಅಲ್ಲಿ ಮುಟ್ಟಿದ ಮ್ಯಾಲ ಕೇಳ್ರಿ, ಆಗ ಹೇಳ್ತೀನಿ."

ಬಸ್ಸಿಗೆ ಕಾದು, ಇನ್ನೊಂದು ಬಸ್ಸು ಹಿಡಿದು ಅವಳು ಮುಟ್ಟುವಷ್ಟರಲ್ಲಿ ವೆಬ್‌ಸೈಟ್ ಮುಚ್ಚಿತ್ತು. ಆಮೇಲೆ ಪಾಸ್‌ವರ್ಡ್ ಬಂತು, ನೆಟ್ಟೂ ಹತ್ತಿತು. ದೇವಿಕಾ ಲ್ಯಾಪ್‌ಟಾಪ್ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಆಕೆ ಮಾನ್ವಿಯ ಸೀರೆ ಅಂಗಡಿಯೊಂದರಲ್ಲಿ ನಿಂತು ಸೀರೆ ಬಿಚ್ಚಿ ತೋರಿಸುತ್ತಾಳೆ. "ಬರೂ ವರ್ಷ ಮತ್ತ ಹಾಕು ಅಂತಾರ್ರೀ ಎಲ್ಲಾರೂ. ಬರೂ ವರ್ಷ ನನ್ನ ಮದಿವಿ ಅಂತ ಮನ್ಯಾಗ ಮಾತಾಡಾಕತ್ತಾರ," ಎನ್ನುತ್ತಾಳೆ.

ಅಲ್ಲಿಂದ ಮುಂದೆ ಮಲ್ಲೇಶ್ವರಿ ಯಾರನ್ನೂ ಕೇಳಲಿಲ್ಲ. ಹೋದ ಹೋದ ಊರಿನಲ್ಲಿ ಆ ಒಂದು ಅನುಮತಿಯನ್ನು ಲ್ಯಾಪ್‌ಟಾಪಿನೊಳಗೇ ಬಳಕೆದಾರರಿಗೆ ಬರೆದುಕೊಡುತ್ತ ಬಂದಳು. ಯಾವ ಯಂತ್ರವೂ ಕೆಡಲಿಲ್ಲ. ದೂರಿನ ಫೋನುಗಳು ಕಡಿಮೆಯಾದವು. ಸಂಸ್ಥೆಯ ವಾರ್ಷಿಕ ಸಭೆಯಲ್ಲಿ, ತೊಂದರೆಯಿಲ್ಲದೆ ಯೋಜನೆ ನಡೆಸಿದ್ದಕ್ಕೆ ಅನಿಲಕುಮಾರರಿಗೆ ಶಾಲು ಹೊದಿಸಿದರು. ಮರುವಾರ ಅವರು ಮಲ್ಲೇಶ್ವರಿಯನ್ನು ಕರೆಸಿದರು.

"ಈಗ ಕಂಪ್ಲೇಂಟ ಬರವಲ್ವು. ನಿಮಗ ಹೆಂಗ ಕೆಲಸ ಕೊಡೂದು, ನೀವ ಹೇಳ್ರಿ."

ಈ ತಿಂಗಳು ಮುಗಿದರೆ ಅವಳ ನೌಕರಿಯೂ ಮುಗಿಯಿತು. ಆ ಅನುಮತಿ ಸಿಗದೆ ಉಳಿದದ್ದು ಬೂದೆಮ್ಮನವರ ಕೋಣೆಯ ಈ ಲ್ಯಾಪ್‌ಟಾಪ್ ಒಂದೇ. ಇದನ್ನು ಹಾಗೇ ಬಿಟ್ಟು, ಫೋನ್ ಬಂದಾಗೆಲ್ಲ ಬಂದು ಹೋಗಬಹುದಿತ್ತಲ್ಲ ಎಂದರೆ ಸಿಟ್ಟಾಗುತ್ತಾಳೆ.

"ನನ್ನ ಪಗಾರಕ್ಕ ಇನ್ನೊಬ್ಬಾಕಿ ದೇವಿಕಾ ಆಗ್ಬೇಕೇನ್ರಿ?"

ಅನಿಲಕುಮಾರರಿಗೆ ಫೋನ್ ಮಾಡಿ ಈ ಯಂತ್ರದ ಪಾಸ್‌ವರ್ಡ್ ಕೇಳಿ ಹೊಡೆದು, ಆ ಅನುಮತಿ ಬರೆಯುತ್ತಾಳೆ; ಬೆರಳುಗಳು ಕೀಲಿಗಳ ಮೇಲೆ ಸ್ವಲ್ಪ ಹೊತ್ತು ಓಡಾಡುತ್ತವೆ. ಅವಳು ಲ್ಯಾಪ್‌ಟಾಪ್ ಆರಿಸಿ, ಮತ್ತೆ ಹಚ್ಚಿ, ಬೂದೆಮ್ಮನವರ ಕಡೆ ತಿರುಗಿಸುತ್ತಾಳೆ. "ನೀವ ಹಚ್ಚರಿ ಯವ್ವಾ."

ಬೂದೆಮ್ಮ ಸೆರಗಿಗೆ ಕೈ ಒರೆಸಿಕೊಂಡು, ಡಬ್ಬಿ ನೋಡಿಕೊಳ್ಳುತ್ತ ಒಂದೊಂದೇ ಅಕ್ಷರ ಒತ್ತುತ್ತಾರೆ. ಎರಡನೇ ಚೌಕ ಏಳುವುದಿಲ್ಲ. ನೆಟ್ಟು ಹತ್ತುತ್ತದೆ. "ಇಷ್ಟ ಏನು? ಇದಕ್ಕ ಇಷ್ಟು ದಿನ ನಿನ್ನ ಓಡ್ಯಾಡಿಸಿದ್ರಾ?" ಎಂದು ಅವರು ಕೇಳುತ್ತಾರೆ. ಮಲ್ಲೇಶ್ವರಿ ಚೀಲ ಹೆಗಲಿಗೇರಿಸಿ ಹೊರಡುತ್ತಾಳೆ.

ಬಸ್ಸಿಗೆ ನಿಂತಾಗ, ಇನ್ನು ಮುಂದೇನು ಎಂದು ಕೇಳಿದರೆ ಅವಳು ರಸ್ತೆಯ ಕಡೆಯೇ ನೋಡುತ್ತಾಳೆ.

"ರಾಯಚೂರಾಗ ಎಲ್ಲ್ಯಾರ ಕೆಲಸ ಕೇಳ್ತೀನ್ರಿ. ಇನ್ನ ಈ ಊರಾಗ ಒಂದು ಪಾಸ್‌ವರ್ಡಿಗೆ ಯಾರೂ ನನ್ನ ಹಾದಿ ಕಾಯೂದಿಲ್ಲ. ಅಷ್ಟಾದ್ರೂ ಮಾಡೀನಿ."